ಲಾಟ್‌ಸಾಹೇಬನ ರುಜುವಿಗೆ ಬನ್ನಿ

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಅಲ್ಲಿಗೆ ಹೋದವರಲ್ಲಿ ನಾನೂ ಒಬ್ಬ. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಕಂಪನಿಯೊಂದರಲ್ಲಿ ಕಾರಿನ ಬ್ರೇಕಿಗೆ ಪ್ರೋಗ್ರಾಮ್ ಬರೆಯುತ್ತಿದ್ದೆ. ಗುತ್ತಿಗೆ ಮುಗಿಯುತ್ತ ಬಂದಿತ್ತು, ಹೆಂಡತಿ ಬಸುರಿ. ನೌಕರಿ ಕಾಯಂ ಆಗಬೇಕಾದರೆ ವಿಭಾಗದ ಮುಖ್ಯಸ್ಥರು ಶಿಫಾರಸು ಬರೆಯಬೇಕು. ಅವರೂ ನಮ್ಮ ಧಾರವಾಡದ ಕಡೆಯವರೇ. ಅದೇ ನನ್ನ ಗ್ರಹಚಾರ.

ಆ ವರ್ಷ ದಸರೆಗೆ ಅವರು ಕನ್ನಡದವರನ್ನೆಲ್ಲ ಮನೆಗೆ ಊಟಕ್ಕೆ ಕರೆದರು. ಹೋದರೆ ಊಟ ಎಲ್ಲಿಯದು! ಗೋಡೆಯ ಮೇಲೆ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಒಂದು ಪತ್ರ. ಅದರ ಮುಂದೆ ನಮ್ಮನ್ನು ನಿಲ್ಲಿಸಿ ಪುರಾಣ ಶುರು ಮಾಡಿದರು. ಬ್ರಿಟಿಷ್ ಲಾಟ್‌ಸಾಹೇಬನೊಬ್ಬ ಸ್ವತಃ ರುಜು ಹಾಕಿದ್ದಂತೆ, ಹರಾಜಿನಲ್ಲಿ ಸಿಕ್ಕಿತಂತೆ. ಆಸಾಮಿ ಮೀಸೆ ಚಿಗುರುವಾಗಲೇ ಅಸಿಸ್ಟೆಂಟ್ ಕಲೆಕ್ಟರಾಗಿ ಬಂದ, ಕಂದಾಯ ಹಿಂಡಿ ಕಲೆಕ್ಟರಾದ, ನಮ್ಮ ಕಡೆ ಬರ ಬಿದ್ದಾಗ ಗೋಧಿಯ ಹಡಗುಗಳನ್ನು ತಡೆಯದೆ ವಿಲಾಯತಿಗೆ ಕಳಿಸಿ ಗವರ್ನರಾದ, ಕಡೆಗೆ ಲಂಡನ್ನಿನಲ್ಲಿ ಮಂತ್ರಿಯಾಗಿ ಮೆರೆದು ಸತ್ತ. ಜನ ಹೊಟ್ಟೆಗಿಲ್ಲದೆ ಸತ್ತರೆ ಇಂಥವನ ಬಡ್ತಿಗೇನು ಅಡ್ಡಿ?

"ಬರಗಾಲದಾಗೂ ಆಡಳಿತ ಸಡ್ಲ ಬಿಡಲಿಲ್ಲ ನೋಡ್ರಿ. ಡಿಸಿಪ್ಲಿನ್ ಅಂದ್ರ ಇದು!" ಎಂದರು ಮುಖ್ಯಸ್ಥರು, ತಮ್ಮ ಸೋದರಮಾವನ ಬಗ್ಗೆ ಹೇಳಿದ ಹಾಗೆ.

ಪತ್ರದಲ್ಲಿದ್ದುದು ಇಷ್ಟೇ: ನಿಮ್ಮ ಔತಣಕ್ಕೆ ಬರಲಾಗುವುದಿಲ್ಲ, ವಿಷಾದಿಸುತ್ತೇನೆ. ಕೆಳಗೆ ಬಾಲ ಉದ್ದಕ್ಕೆ ಎಳೆದ ರುಜು. ಊಟಕ್ಕೆ ಬರದವನ ಚೀಟಿಯನ್ನು ಊಟಕ್ಕೆ ಬಂದ ನಾವು ಹಸಿದುಕೊಂಡು ಓದುತ್ತಿದ್ದೆವು.

ಆಮೇಲೆ ಬನ್ನಿ ಕೊಡುವ ಹೊತ್ತು. ನಮ್ಮ ಕಡೆ ದಸರೆಯ ಸಂಜೆ ಕಿರಿಯರು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಎಲೆಗಳು ಊರಿಂದ ಟಪಾಲಿನಲ್ಲಿ ಒಣಗಿ ಬಂದಿದ್ದವು. ಮುಖ್ಯಸ್ಥರು ಮೊದಲ ಎಲೆಯನ್ನು ಚೌಕಟ್ಟಿಗೆ ಸಿಕ್ಕಿಸಿ ಕೈಮುಗಿದರು! ಬಂದವರೂ ಒಬ್ಬೊಬ್ಬರಾಗಿ ಸಿಕ್ಕಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನೂ ಇಡವಾ ತಂಗಿ. ಭಾಳ ದೊಡ್ಡ ಮನಷ್ಯಾ," ಎಂದರು ನನ್ನ ಹೆಂಡತಿಗೆ.

"ನಮ್ಮ ಮುತ್ತ್ಯಾನ ಅಪ್ಪ ಬರದಾಗ ಕೂಳಿಲ್ದ ಸತ್ತಾನ್ರೀ ಅಣ್ಣಾರ. ಇಂಥಾವಗ ನಾ ಬನ್ನಿ ಕೊಡಂಗಿಲ್ಲ."

ಅವಳು ನನ್ನ ಕಡೆ ತಿರುಗಿ ಎಲೆಯನ್ನು ನನ್ನ ಕೈಗಿಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರೀ," ಎಂದಳು. ನನ್ನ ಎಲೆಯನ್ನು ನಾನು ಅವಳಿಗೇ ಕೊಟ್ಟೆ. ಮುಖ್ಯಸ್ಥರ ಮುಖ ಹುಳ್ಳಗಾಯಿತು.

ಕೆಲವು ದಿನಗಳಲ್ಲಿ ಅವರಿಂದ ಪತ್ರ ಬಂತು. ಕಾಯಂ ಮಾಡಲಾಗುವುದಿಲ್ಲ, ವಿಷಾದಿಸುತ್ತೇನೆ. ಕೆಳಗೆ ಬಾಲ ಉದ್ದಕ್ಕೆ ಎಳೆದ ರುಜು. ಗೋಡೆ ನೋಡಿಕೊಂಡೇ ತಿದ್ದಿ ಕಲಿತಿರಬೇಕು. ನನಗೆ ನಗು ಬಂತು, ಅದರ ಬೆನ್ನಿಗೇ ಹೆದರಿಕೆ. ಇನ್ನು ಹೊಸ ನೌಕರಿ ಹುಡುಕಬೇಕು, ಅದೂ ಹೆರಿಗೆಯ ಮೊದಲು.

ಹೆಂಡತಿ ಪತ್ರವನ್ನು ಓದಿ ಮೇಜಿನ ಮೇಲೆ ಹಾಸಿದಳು. ಹುರಿದ ಶೇಂಗಾ ಸುರುವಿಕೊಂಡು ಕೂತಳು.

"ಕಾಗದ ದಪ್ಪ ಐತ್ರೀ," ಎಂದಳು. "ಸಿಪ್ಪಿ ಹಾಕಾಕ ಛಲೋ ಆತು."