ಚಿಗವ್ವ ಹಾಕಿದ ಬೀಗ

ಕಳೆದ ಶನಿವಾರ ಅಮೀರ್‌ಪೇಟೆಯ ನಮ್ಮ ಮನೆಗೆ ಕೂಲರ್ ದುರಸ್ತಿಯವನು ಬಂದಿದ್ದ. ಹಳೆಯ ಹುಲ್ಲು ಕಿತ್ತು ಹೊಸ ಲಾವಂಚ ತುಂಬಿ, ಅದರ ಮೇಲೆ ಒಂದು ತಂಬಿಗೆ ನೀರು ಸುರಿದ. ಒಣಬೇರು ನೀರು ಕುಡಿದೊಡನೆ ಬಿಡುವ ವಾಸನೆಯನ್ನು ಮೊದಲ ಮಳೆಯ ಮಣ್ಣಿಗೆ ಹೋಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನಗೆ ಅದು ಸನತ್‌ನಗರದ ಎರಡು ಕೋಣೆಯ ಮನೆಯೊಂದರ ವಾಸನೆ. ಅಲ್ಲಿ ಕಿಟಕಿಗೆ ಕಟ್ಟಿದ್ದ ಒದ್ದೆ ಲಾವಂಚದ ತಟ್ಟಿಯ ವಾಸನೆ. ಆ ಮನೆಯಲ್ಲಿ ಚಿಗವ್ವ ಇದ್ದಳು...

ಆಕೆ ನನ್ನ ಅತ್ತೆಯವರ ಚಿಕ್ಕಪ್ಪನ ಮಗಳು. ನನ್ನ ಗಂಡನಿಗೆ ವರಸೆಯಲ್ಲಿ ಚಿಗವ್ವ, ಆದ್ದರಿಂದ ನನಗೂ. ಆಕೆಯ ಗಂಡ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ದುಡಿದು ತೀರಿಕೊಂಡಿದ್ದರು. ಆಕೆ ಅಲ್ಲೇ ಉಳಿದು, ಹೊಲಿಗೆ ಯಂತ್ರದ ಮೇಲೆ ಲಂಗ ಕುಪ್ಪಸ ಹೊಲಿದು ಬಾಳುತ್ತಿದ್ದಳು. ನಮ್ಮ ಬಳಗದಲ್ಲಿ ಆಕೆಯ ಬಗ್ಗೆ ಉಳಿದಿರುವುದು ಒಂದೇ ಕಥೆ. ರಾಯಚೂರಿನಿಂದ ಹೊಸ ಗಂಡ ಹೆಂಡತಿ ಎರಡು ದಿನ ಇದ್ದು ಹೋಗೋಣವೆಂದು ಬಂದರೆ, ಊಟ ಹಾಕಬೇಕಾದೀತೆಂದು ಅವರನ್ನು ಬಿಸಿಲಿಗೆ ತಳ್ಳಿ ಬಾಗಿಲಿಗೆ ಬೀಗ ಹಾಕಿದಳಂತೆ.

ಆ ಹೊಸ ಗಂಡ ಹೆಂಡತಿ ನಾವು.

ನಾನು ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆಯವರೆಗೆ. ಉಳಿದದ್ದನ್ನು ಕಿರಾಣಿ ಕಟ್ಟಿಬಂದ ಕಾಗದಗಳಿಂದಲೂ ಆಮೇಲೆ ವಾಚನಾಲಯಗಳಿಂದಲೂ ಕಲಿತೆ. ಮಾಸ್ತರರು ಕಲಿಸದ ಕಾರಣಕ್ಕೋ ಏನೋ, ಬರೆದದ್ದನ್ನೆಲ್ಲ ನಂಬುವ ಅಭ್ಯಾಸ ನನಗೆ ಹತ್ತಲಿಲ್ಲ. ಸ್ಥಳಪುರಾಣವಿರಲಿ, ಪತ್ರಿಕೆಯ ಸುದ್ದಿಯಿರಲಿ, "ಯಾರು ಕಂಡಾರ?" ಎಂದು ಕೇಳುವುದು ನನ್ನ ಚಾಳಿ. ಮನೆಯ ಮಕ್ಕಳು ಅದನ್ನೇ ಅಂದು ನನ್ನನ್ನು ಅಣಕಿಸುತ್ತಾರೆ. ಆದರೆ ಚಿಗವ್ವನ ಕಥೆಯನ್ನು ಮಾತ್ರ ನಾನು ಪ್ರಶ್ನಿಸಲಿಲ್ಲ...

ರಾಯಚೂರಿನ ಆ ಮನೆಯಲ್ಲಿ ನಾವು ಹದಿಮೂರು ಜನರಿದ್ದೆವು. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ, ಮತ್ತು ಹಿರಿಯರಿಲ್ಲದ ಜಾಗ ಆ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ವರ್ಷ ಕಳೆದರೂ ನನ್ನ ಗಂಡ ನನ್ನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಅವರು ಕೆಟ್ಟವರಲ್ಲ, ಒಳ್ಳೆಯವರೋ ಎಂಬುದು ತಿಳಿಯುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಮುಂಬರುವ ನಾಗರಪಂಚಮಿಗೆ ಅಣ್ಣ ಕರೆಯಲು ಬಂದರೆ ತವರಿಗೆ ಹೋಗಿಬಿಡಬೇಕು, ಮರಳಿ ಬರಬಾರದು ಎಂದು ಒಳಗೊಳಗೇ ನಿಶ್ಚಯಿಸಿದ್ದೆ.

ಅಷ್ಟರಲ್ಲಿ ಮಾವನವರು ಯಾವ ಗಳಿಗೆಯಲ್ಲೋ ಉದಾರರಾಗಿ, ಇಬ್ಬರೂ ಹೈದರಾಬಾದ್ ನೋಡಿಬನ್ನಿ, ಶನಿವಾರ ಹೋಗಿ ರವಿವಾರ ಬನ್ನಿ ಎಂದರು. ಸುದ್ದಿ ಓಣಿಗೆ ಮುಟ್ಟಿತು. ನಮ್ಮ ಕಡೆ ಹೈದರಾಬಾದಿಗೆ ಹೋಗುವವರ ಕೈಗೆ ಚೀಟಿ ಕೊಡದೆ ಕಳಿಸುವವರಿಲ್ಲ. ಮನೆಮನೆಯಿಂದ ಬಂದದ್ದನ್ನೆಲ್ಲ ಅತ್ತೆಯವರು ಒಂದೇ ಯಾದಿ ಮಾಡಿದರು: ಇಂಥ ಅಳತೆಯ ಅರಗಿನ ಬಳೆ, ಹಿತ್ತಾಳೆಯ ಕೊಳಗ, ಅಡಕೊತ್ತು, ಅತ್ತರು, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲಿನ ಡಬ್ಬಿ... ಎರಡು ಪುಟ ತುಂಬಿತ್ತು.

ಬೆಳಗ್ಗೆ ರೈಲಿಳಿದು ಸನತ್‌ನಗರ ಮುಟ್ಟಿದಾಗ ಚಿಗವ್ವ ತಟ್ಟಿಗೆ ನೀರು ಹೊಡೆಯುತ್ತಿದ್ದಳು. ಚಹಾ ಕುಡಿಯುತ್ತಲೇ ನನ್ನ ಗಂಡ ಚೀಟಿ ಬಿಡಿಸಿದರು. ಆಕೆ ಕನ್ನಡಕ ಏರಿಸಿ ಅದನ್ನು ಓದಿದಳು.

"ಇದೇನೋ ತಮ್ಮಾ, ಚೀಟಿಯೋ ಇಲ್ಲಾ ಮದುವಿ ಯಾದಿಯೋ?"

"ಓಣಿ ಮಂದಿ ಎಲ್ಲಾರೂ ಹೇಳ್ಯಾರ ಚಿಗವ್ವ. ಇವತ್ತು ಬೇಗಂ ಬಜಾರ, ನಾಳಿ ಚಾರ್‌ಮಿನಾರ್ ಕಡೆ ಹೋದ್ರ ಸಂಜೀಕ ಮುಗೀತೈತಿ."

"ಮುಗೀತೈತಿ, ಯಾಕ ಮುಗ್ಯಾಂಗಿಲ್ಲ. ಮತ್ತ ಇಕಿನ್ನ ಯಾಕ ಕರಕೊಂಡು ಬಂದಿ? ಚೀಲ ಹೊರಾಕೇನು?"

ನನ್ನ ಗಂಡ ಚಹಾದ ಬಸಿಯೊಳಗೆ ನೋಡುತ್ತ, "ತರಲಿಲ್ಲಂದ್ರ ಅವ್ವ ಬೈತಾಳ" ಎಂದರು.

"ನಿಮ್ಮವ್ವ ನನ್ನ ಕೂಡ ಕುಂಟಬಿಲ್ಲಿ ಆಡಿದಾಕಿ. ಬೈದ್ರ ನನಗ ಬೈಲಿ ಬಿಡು."

ಎಷ್ಟು ಹಗುರಾಗಿ ಅಂದಳು ಅದನ್ನು...

ಚೀಟಿಯೂ ಅದರೊಡನಿದ್ದ ದುಡ್ಡೂ ಆಕೆಯ ಎಲೆಯಡಿಕೆ ಚೀಲ ಸೇರಿದವು. ನಮ್ಮ ಕೈಗೆ ರೊಟ್ಟಿ ಬುತ್ತಿ ಬಂತು. ಹೊಲಿದ ಬಟ್ಟೆ ಕೊಟ್ಟುಬರಲು ತಾನೂ ಹೊರಟಿದ್ದೇನೆ ಎನ್ನುತ್ತ ಆಕೆ ಬಾಗಿಲಿಗೆ ಬೀಗ ಹಾಕಿದಳು. "ಗೋಲ್ಕೊಂಡಕ್ಕ ಬಸ್ಸು ಐತಿ. ಐದು ಹೊಡೆಯೂ ತನಕಾ ಈ ಬೀಗ ತೆಗ್ಯಾಂಗಿಲ್ಲ ನೋಡ್ರಿ. ಬಾಗಲಾ ಬಡಿದ್ರ ಬಾಗಲಕ್ಕ ನೋವು ಅಷ್ಟ."

ಗೋಲ್ಕೊಂಡದ ಹೆಬ್ಬಾಗಿಲ ಕಮಾನಿನಡಿ ಒಬ್ಬ ಗೈಡು ಚಪ್ಪಾಳೆ ತಟ್ಟಿ, ಇಲ್ಲಿ ಪಿಸುಗುಟ್ಟಿದರೂ ಗುಡ್ಡದ ತುದಿಗೆ ಕೇಳಿಸುತ್ತದೆ ಎಂದು ಹೇಳುತ್ತಿದ್ದ. ನನಗೆ ನಂಬಿಕೆ ಬರಲಿಲ್ಲ. ಗಂಡನನ್ನು ಅಲ್ಲಿಯೇ ನಿಲ್ಲಿಸಿ, ನಾನು ಮೇಲೆ ಮುಟ್ಟುವಷ್ಟು ಹೊತ್ತು ಬಿಟ್ಟು ಮೂರು ಸಲ ತಟ್ಟಬೇಕೆಂದು ಹೇಳಿ ಮೆಟ್ಟಿಲು ಹತ್ತಿದೆ. ನಾನು ಅವರಿಗೆ ಆಜ್ಞೆ ಮಾಡಿದ್ದು ಅದೇ ಮೊದಲು. ತುದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದಾಗ ಚಪ್ಪಾಳೆ ಕೇಳಿಸಿತು. ಮೂರಲ್ಲ. ಮೂರು, ಮತ್ತೆ ಮೂರು, ಆಮೇಲೆ ಎಣಿಸಲಾಗದಷ್ಟು. ಇಳಿದು ಬಂದು ಯಾಕೆಂದು ಕೇಳಿದೆ.

"ನಿನಗ ಕೇಳಿಸ್ತೋ ಇಲ್ಲೋ ಅಂತ ನನಗ ಹೆಂಗ ಗೊತ್ತಾಗಬೇಕು? ನಿನ್ನ ಹೆಸರು ಹಿಡದೂ ಕರದೆ. ಮಂದಿ ನಕ್ಕರು" ಎಂದರು. ಅವರ ಅಂಗೈಗಳು ಕೆಂಪಗಾಗಿದ್ದವು.

ಚಪ್ಪಾಳೆ ಮೇಲಕ್ಕೆ ಮುಟ್ಟುವುದು ನಿಜ, ಹೆಸರು ಮುಟ್ಟುವುದಿಲ್ಲ. ಗೈಡುಗಳು ಏನೇ ಹೇಳಲಿ, ಇದು ನಾನು ಪರೀಕ್ಷಿಸಿದ ಮಾತು. ಹೆಸರನ್ನು ಅವರು ಕೆಳಗೆ, ಆ ಕಮಾನಿನಡಿ, ಇನ್ನೊಮ್ಮೆ ಕರೆದು ತೋರಿಸಿದರು.

ಐದಕ್ಕೆ ಹಿಂತಿರುಗಿದಾಗ ಬೀಗ ತೆಗೆದಿತ್ತು. ನಡುಮನೆಯಲ್ಲಿ ಎರಡು ಚೀಲ ತುಂಬ ಸಾಮಾನು, ಕೊಳಗದ ಕಂಠ ಹೊರಗೆ ಕಾಣುತ್ತಿತ್ತು. ಚಿಗವ್ವ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು ಕುಳಿತಿದ್ದಳು. ಪಾದಗಳು ಕಾಲುಂಗುರದ ಹಳೆಯ ಗುರುತು ಮುಚ್ಚಿಹೋಗುವಷ್ಟು ಊದಿದ್ದವು. ಇಡೀ ಯಾದಿಯನ್ನು ಆಕೆ ಒಬ್ಬಳೇ ತಿರುಗಿ ಮುಗಿಸಿದ್ದಳು. ನನ್ನ ಗಂಡನ ಕಣ್ಣಲ್ಲಿ ನೀರು ಬಂತು.

"ಅಳಾಕ ಏನಾತು? ಬಳಿ ಅಳತಿ ತಪ್ಪಿದ್ರ ಅಳು" ಎಂದಳು. "ಊರಾಗ ಮಾತ್ರ ನೀವ ತಂದೀರಿ ಅಂತ ಹೇಳ್ರಿ."

ಮರುದಿನ ನಾವು ಮನೆಯಲ್ಲೇ ಉಳಿದು ಆಕೆಯ ಕಾಲು ಒತ್ತುತ್ತೇವೆಂದೆವು. ಆಕೆ ಬೀಗವನ್ನು ನನ್ನ ಗಂಡನ ಮುಂದೆ ಹಿಡಿದಳು.

"ಹೊರಗಿನಿಂದ ಹಾಕಿ ಹೋಗ್ರಿ. ಬೀಗ ಕಂಡ್ರ ಹೊಲಿಯಾಕ ಅರಿವಿ ಕೊಡೋರು ಬಾಗಲಾ ಬಡ್ಯಾಂಗಿಲ್ಲ, ನಾನೂ ಒಂದಿಷ್ಟು ಮಕ್ಕೋತೀನಿ. ಸಂಜೀಕ ರೈಲಿಗೆ ಹೋಗೂ ಮುಂದ ಬಂದು ತೆಗೀರಿ."

ಹಾಗೆ ಆಕೆಯನ್ನು ಒಳಗಿಟ್ಟು ಬೀಗ ಹಾಕಿದವರು ನಾವು. ಟ್ಯಾಂಕ್ ಬಂಡಿನ ಕಟ್ಟೆಯ ಮೇಲೆ ನನ್ನ ಗಂಡ ತಮ್ಮ ಬಾಲ್ಯ ಹೇಳಿದರು, ನಾನು ಪಂಚಮಿಯ ನಿಶ್ಚಯ ಹೇಳಿದೆ. ಅವರು ಕಿಸೆಯಿಂದ ಕೀಲಿಕೈ ತೆಗೆದು ನನ್ನ ಕೈಯಲ್ಲಿಟ್ಟು, "ನೀನ ತೆಗಿ, ಮನಿಗೆ ಹೋಗೂಣು" ಎಂದರು. ಪಂಚಮಿಗೆ ಹೋದ ನಾನು ಐದನೆಯ ದಿನ ಮರಳಿ ಬಂದೆ.

ರಾಯಚೂರಿನಲ್ಲಿ ಬಳೆಯ ಅಳತೆ ಸರಿಹೋಗಿತ್ತು. ಆದರೆ ಬಿಸಿಲಿಗೆ ಕಪ್ಪಾದ ನನ್ನ ಮುಖ ನೋಡಿ ಅತ್ತೆಯವರು, "ಬಿಸಿಲಾಗ ಯಾಕ ತಿರಗಿದ್ರಿ? ಮನಿಯಾಗ ಕುಂದ್ರಾಕ ಬರತಿದ್ದಿಲ್ಲೇನು?" ಎಂದು ಕೇಳಿದರು. ಗೋಲ್ಕೊಂಡದ ಹೆಸರೆತ್ತಿದರೆ ಸಾಮಾನು ತಂದವರು ಯಾರೆಂಬ ಮಾತು ಬರುತ್ತಿತ್ತು. "ಚಿಗವ್ವ ಮನಿಗೆ ಬೀಗ ಹಾಕಿದ್ರು" ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಮಾತು ಓಣಿಗೆ ಹೋಗಿ ಕಥೆಯಾಗಿ ಬಂತು. ಆಮೇಲೆ ನಮ್ಮ ಕಡೆಯವರು ಆಕೆಯ ಮನೆಗೆ ಇಳಿಯುವುದನ್ನು ಬಿಟ್ಟರು, ಮದುವೆಯ ಕರೆಯೋಲೆಗಳಿಂದ ಆಕೆಯ ಹೆಸರು ಬಿಟ್ಟುಹೋಯಿತು. ನಾವೇ ಕೆಲಸ ಹಿಡಿದು ಈ ಊರಿಗೆ ಬಂದ ಮೇಲೆ ಒಮ್ಮೆ ಆಕೆಯ ಬಳಿ ಕ್ಷಮೆ ಕೇಳಲು ಹೋದೆ. "ಬೀಗ ಹಾಕಿದ್ದು ಖರೇನ ಅಲ್ಲೇನ? ಈಗ ನೀ ತಿದ್ದಾಕ ಹೋದ್ರ ನಿಮ್ಮತ್ತಿ ನಿನ್ನ ಬಾಳಗೊಡಾಂಗಿಲ್ಲ" ಎಂದು ನಕ್ಕಳು. ನನ್ನ ಕುಪ್ಪಸದ ಅಳತೆ ತೆಗೆದುಕೊಂಡಳು. ಅತ್ತೆಯವರ ಕಾಲ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅತ್ತೆಯವರಿಗಿಂತ ಮೊದಲು ಆಕೆಯೇ ಹೋದಳು. ಮಣ್ಣಿಗೆ ರಾಯಚೂರಿನಿಂದ ಯಾರೂ ಬರಲಿಲ್ಲ...

ಕೂಲರಿಗೆ ಲಾವಂಚ ತುಂಬಿಸಿದ್ದು ನನ್ನ ಮೈದುನನ ಮೊಮ್ಮಗ ಹೊಸ ಹೆಂಡತಿಯೊಡನೆ ಎರಡು ದಿನಕ್ಕೆ ಬರುತ್ತಾನೆಂದು. ಅದೇ ಮಧ್ಯಾಹ್ನ ಬಂದ. ಚಪ್ಪಲಿ ಬಿಡುತ್ತಲೇ, "ಅಜ್ಜಿ, ಸನತ್‌ನಗರದ ಮುದುಕಿಗತೆ ನಮಗೂ ಬೀಗ ಹಾಕಾವ್ರೇನು?" ಎಂದ. ಆ ಹುಡುಗಿಯೂ ನಕ್ಕಳು. ರೈಲಿನಲ್ಲೇ ಕಥೆ ಹೇಳಿ ಮುಗಿಸಿದ್ದ.

ಇಬ್ಬರನ್ನೂ ಕೂಡಿಸಿ ಎಲ್ಲವನ್ನೂ ಹೇಳಿದೆ. ಹುಡುಗಿಯ ನಗು ಇಳಿದಿತ್ತು. ಅವನು ಮಾತ್ರ ತಲೆಯಾಡಿಸಿ, "ಛಲೋ ಐತಿ ಅಜ್ಜಿ. ಖರೆ, ಯಾರು ಕಂಡಾರ?" ಎಂದ.

ನನ್ನ ಮಾತನ್ನು ನನಗೇ ಒಪ್ಪಿಸಿದ್ದ. ಸಾಕ್ಷಿ ಹೇಳಲು ನನ್ನ ಗಂಡ ಇಲ್ಲ, ಚಿಗವ್ವ ಇಲ್ಲ. ಆ ಮನೆಯ ಜಾಗದಲ್ಲಿ ಈಗ ಗೋದಾಮಿದೆ. ಕೇಳಬೇಕಾದವರೆಲ್ಲ ಕೇಳಿಸಿಕೊಳ್ಳದೆ ಹೋದ ಮೇಲೆ ನಾನು ಹೇಳಿದ್ದೇನೆ, ಅಷ್ಟೇ.

ನಾನು ಕಂಡಿದ್ದೇನೆ. ಆ ರವಿವಾರ ಸಂಜೆ ಬೀಗ ತೆಗೆದಾಗ ಒಳಗೆ ತಟ್ಟಿ ಒದ್ದೆಯಾಗಿತ್ತು. ಊದಿದ ಕಾಲೂರಿ ಎದ್ದು, ಬಿಸಿಲಿನಿಂದ ಬರುವ ನಮಗಾಗಿ ಆಕೆ ಅದಕ್ಕೆ ನೀರು ಹೊಡೆದಿದ್ದಳು. ಕೀಲಿಕೈ ನನ್ನ ಕೈಯಲ್ಲಿತ್ತು.