ಫಾರ್ಮಿನ ಮೂರನೇ ಸಾಲು

ನಾನು ಓದಿದ ಕಾನ್ವೆಂಟಿನಲ್ಲಿ ಪ್ರಶ್ನೆ ಕೇಳುವುದನ್ನೂ ಹೇಳಿಕೊಡುತ್ತಿದ್ದರು. ಇಂಗ್ಲಿಷ್ ಪಾಠದ ಸಿಸ್ಟರ್ ಸ್ಕೇಲನ್ನು ಮೇಜಿಗೆ ತಟ್ಟಿ, "ಶಾರ್ಟ್ ಆಗಿ ಕೇಳಬೇಕು, ಕ್ಲಿಯರ್ ಆಗಿ ಕೇಳಬೇಕು" ಎನ್ನುತ್ತಿದ್ದರು. ಡಿಬೇಟಿನಲ್ಲಿ ಎದುರಿನ ಹುಡುಗಿಯನ್ನು "ಯೆಸ್ ಆರ್ ನೋ?" ಎಂದು ಮೂಲೆಗೆ ತಳ್ಳಿಬಿಟ್ಟರೆ ಕಪ್ ನಮಗೇ. ನನಗೆ ಹಾಗೆ ಎರಡು ಕಪ್ ಬಂದಿದ್ದವು. ಈಗಲೂ ಷೋಕೇಸಿನಲ್ಲಿವೆ. ಬೆಳ್ಳಿಯ ಬಣ್ಣ ಎದ್ದುಹೋಗಿದೆ. ಒರೆಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಆ ಹೆಮ್ಮೆಯನ್ನು ಹೊತ್ತುಕೊಂಡೇ ನಾನು ಕನಕಪುರಕ್ಕೆ ರೇಷ್ಮೆ ಪ್ರದರ್ಶಕಿಯಾಗಿ ಬಂದದ್ದು. ಮನೆಮನೆಗೆ ಹೋಗಿ ಹುಳು ಸಾಕುವುದನ್ನು ನೋಡಿ, ಹೇಳಿ, ಬರೆದುಕೊಂಡು ಬರುವ ಕೆಲಸ. ರೇಷ್ಮೆ ಬಹಳ ಜೋರಿದ್ದ ಕಾಲ. ರಾಗಿ ಹೊಲವೆಲ್ಲ ಹಿಪ್ಪುನೇರಳೆಯಾಗಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಎಲ್ಲರ ಮನೆಯ ಮುಂದೆಯೂ ಒರಗಿರುತ್ತಿದ್ದವು. ಜನ ಮಲಗಲು ಜಾಗವಿಲ್ಲದಿದ್ದರೆ ಜಗಲಿಗೆ ಬರುತ್ತಿದ್ದರು. ಹುಳು ಮಾತ್ರ ನಡುಮನೆಯಲ್ಲೇ ಇರುತ್ತಿತ್ತು.

ನನ್ನ ಜೊತೆಗೆ ಬರುತ್ತಿದ್ದವರು ಕಚೇರಿಯ ಅಟೆಂಡರ್, ರಿಟೈರ್ ಆಗಲು ಬಂದಿದ್ದ ಮುದುಕರು. ಕುರಿ ಸಾಕುವ ಮನೆತನದವರು. ನಾನು ಅವರನ್ನು ತಾತ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮೋರೆ ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಅವರು ಮೊದಲು ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತುಬಿಡುವರು. ನಾನು ಫಾರ್ಮ್ ಹಿಡಿದು ಬಾಗಿಲಲ್ಲೇ ನಿಲ್ಲುವೆ.

ದೊಡ್ಡಆಲಹಳ್ಳಿಯ ಕಡೆ ಒಂದು ಊರು, ಅಲ್ಲೊಂದು ಮನೆ. ಅತ್ತೆ, ಮಗ, ಮದುವೆಯಾಗಿ ಎರಡು ವರ್ಷವಾದ ಸೊಸೆ. ಆ ಹುಡುಗಿ ಮಾಗಡಿ ಸೀಮೆಯ ತಿಪ್ಪಸಂದ್ರದ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಓದಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಾನು ಹೋದಾಗಲೆಲ್ಲ ನನ್ನ ಪೆನ್ನನ್ನೇ ನೋಡುವಳು. ಒಮ್ಮೆ "ಒಸಿ ಕೊಡಿ ಅಕ್ಕ" ಎಂದು ಇಸಿದುಕೊಂಡು ಅಂಗೈ ಮೇಲೆ ತನ್ನ ಇನಿಷಿಯಲ್ ಬರೆದುಕೊಂಡಿದ್ದಳು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಮೂರನೆಯದು ಮುಗಿದ ಮೇಲೆ ನಾವು ಅವರ ಮನೆಗೆ ಹೋದೆವು. ಅತ್ತೆಯನ್ನು ನನ್ನ ಧಾಟಿಯಲ್ಲೇ ಕೇಳಿದೆ.

"ಮನೆಗೆ ಔಷಧಿ ಹೊಡೆದಿದ್ದೀರಾ?"

"ಹೊಡ್ದಿವಿ ಕಣವ್ವ."

"ಹುಳು ಮೇಯಿಸುವ ಬಿದಿರು ತಟ್ಟೆ ತೊಳೆದಿದ್ದೀರಾ?"

"ತೊಳ್ದಿವಿ."

"ಕಾಯಿಲೆ ಹುಳು ಏನಾದರೂ ಇದೆಯಾ?"

ಆಕೆ ತಟ್ಟನೆ ಬಾಗಿಲಿಗೆ ಅಡ್ಡ ನಿಂತಳು. "ಬುಡ್ತು ಅನ್ನವ್ವ! ಹುಳ ಕೇಳುಸ್ಕತ್ತವೆ. ನಮ್ ಮನೇಲಿ ಕಾಯ್ಲೆ ಯಾಕ್ ಬಂದದು?"

ಹುಳು ಮನೆಯಲ್ಲಿರುವಾಗ ಅದರ ಬಗ್ಗೆ ಕೆಟ್ಟ ಮಾತಾಡಬಾರದು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ನನಗೂ ಗೊತ್ತಿತ್ತು. ಕಾಯಿಲೆ ಇದೆಯಾ ಎಂದು ಯಾರು ಕೇಳಿದರೂ ಇಲ್ಲವೆಂದೇ ಹೇಳುತ್ತಾರೆ, ಹುಳು ಸಾಯುತ್ತಿದ್ದರೂ ಹೇಳುತ್ತಾರೆ. ಆದರೂ ಫಾರ್ಮಿನಲ್ಲಿ "ಇಲ್ಲ" ಎಂದು ಬರೆದು ಟಿಕ್ ಹಾಕಿದೆ. ಆಕೆಯ ಹಿಂದೆ, ಕತ್ತಲಲ್ಲಿ, ಸೊಸೆ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ್ದು ಕಾಣಿಸಿತು. ಲಾಸ್ಟ್ ಬಸ್ಸಿಗೆ ಹೊತ್ತಾಗಿತ್ತು.

ದಾರಿಯಲ್ಲಿ ತಾತ ಅಂದರು, "ನಮ್ ಕಡೆ ಕುರಿಗೆ ಹುಷಾರಿಲ್ವಾ ಅಂತ ಯಾರೂ ಕೇಳಾಕಿಲ್ಲ ಮೇಡಮ್ಮೋರೆ. ಬೆಳಗ್ಗೆ ಮೆಲುಕು ಹಾಕ್ತಾ ಅಂತ ಕೇಳ್ತೀವಿ. ನೀವು ಸೊಪ್ಪು ಎಷ್ಟು ಉಳೀತು ಅಂತ ಕೇಳ್ಬೇಕಿತ್ತು."

ನಾನು ನಕ್ಕೆ. "ಫಾರ್ಮಿನಲ್ಲಿ ಆ ಕಾಲಂ ಇಲ್ಲ ತಾತ."

"ಹಂಗಾರೆ ಬುಡಿ. ಫಾರಂ ತಾನೆ ಹುಳ ಸಾಕದು."

ಒಂದು ವಾರಕ್ಕೆ ಆ ಮನೆಯಿಂದ ಹೇಳಿಕಳಿಸಿದರು. ಹೋಗಿ ನೋಡಿದರೆ ತಟ್ಟೆ ತಟ್ಟೆಯೂ ಹಾಲುರೋಗ. ಹುಳುಗಳು ಹಳದಿಯಾಗಿ ಊದಿ, ತಟ್ಟೆಯ ಅಂಚಿನಲ್ಲಿ ದಿಕ್ಕಿಲ್ಲದೆ ಹರಿದಾಡುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಆ ವಾಸನೆಯನ್ನು ನಾನು ವಿವರಿಸಲಾರೆ. ಮಗ ಗೋಡೆಗೆ ಒರಗಿ ಕೂತಿದ್ದ. ಅಕ್ಕಪಕ್ಕದವರು ಬಾಗಿಲಲ್ಲಿ ಗುಂಪುಕಟ್ಟಿದ್ದರು.

ಬೆಳೆ ಹೋದರೆ ಬೇರೆ ಫಾರ್ಮ್. ಅದರ ಮೊದಲ ಸಾಲು ಊರು, ಎರಡನೆಯದು ಮೊಟ್ಟೆ ತಂದದ್ದು ಎಲ್ಲಿಂದ. ಮೂರನೆಯ ಸಾಲನ್ನು ನಾನು ಎಲ್ಲರಿಗೂ ಕೇಳುವಂತೆ ಓದಿದೆ, ಶಾರ್ಟ್ ಆಗಿ, ಕ್ಲಿಯರ್ ಆಗಿ:

"ಹುಳು ನೋಡಿಕೊಳ್ಳುತ್ತಿದ್ದವರು ಯಾರು?"

ಎಲ್ಲರೂ ತಿರುಗಿ ಆ ಹುಡುಗಿಯನ್ನು ನೋಡಿದರು. ಅವಳ ಗಂಡನೂ ನೋಡಿದ. ಅತ್ತೆ ನಿಧಾನವಾಗಿ ಅಂದಳು, "ಇವ್ಳೇಯ. ಇನ್ಯಾರು? ಬರ್ಕಳವ್ವ."

ನಾನು ಅವಳ ಹೆಸರು ಬರೆದೆ. ಅವಳು ಎಂದಿನಂತೆ ನನ್ನ ಪೆನ್ನನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ತಾತ ಹಿತ್ತಲಿನಲ್ಲಿ ಕೂತು ಒಂದು ತಟ್ಟೆಯನ್ನು ತಿರುವಿ ನೋಡುತ್ತಿದ್ದರು. ಅತ್ತೆ ಅಲ್ಲಿಗೆ ಹೋದಾಗ, "ಹೆಣಿಗೆ ಲಾಯಕ್ಕಾಗೈತಲ್ಲವ್ವ, ಈ ಊರ್ ಮೇದರದು ಅಲ್ಲ ಇದು. ಎಲ್ಲಿಂದ ತರ್ಸಿದ್ರಿ?" ಎಂದರಂತೆ. ಆಕೆ ಆ ದುಃಖದಲ್ಲೂ ಒಂಚೂರು ಜಂಬದಿಂದ, "ನನ್ ಮಗಳ ಮನೇವು. ನಮ್ಗೆ ತಟ್ಟೆ ಸಾಲ್ದು ಅಂತ ಅಳಿಯನೇ ಗಾಡೀಲಿ ತಂದು ಇಳ್ಸಿ ಹೋದ" ಎಂದಳಂತೆ. ಮಗಳ ಮನೆಯಲ್ಲಿ ಹಿಂದಿನ ಬೆಳೆ ಹಾಲುರೋಗಕ್ಕೇ ಹೋಗಿತ್ತು. ಅದನ್ನೂ ತಾತ ಎರಡು ಮಾತಿನಲ್ಲಿ ಕೇಳಿ ತಿಳಿದಿದ್ದರು.

ಬಸ್ ಸ್ಟಾಪಿನಲ್ಲಿ ಇದನ್ನು ಕೇಳಿ ನಾನು ಕೂಗಿಕೊಂಡೆ. "ಅಲ್ಲೇ ಹೇಳಬಾರದಿತ್ತೇ ತಾತ?"

"ನಾನು ಬರೋ ಅಷ್ಟೊತ್ಗೆ ನೀವು ಬರ್ಕೊಂಡ್ಬುಟ್ಟಿದ್ರಿ."

ಹತ್ತು ದಿನದ ಮೇಲೆ ಮತ್ತೆ ಹೋದೆ. ಬೇಗ ಹೋಗಬೇಕಿತ್ತು. ರಾಮನಗರದಲ್ಲಿ ಟ್ರೈನಿಂಗ್ ಇತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೊಸೆ ಇರಲಿಲ್ಲ. ತಿಂಗಳ ಮೂರು ದಿನ ಹೊರಗಿರಬೇಕಾದವಳು ಸುಳ್ಳು ಹೇಳಿ ಹುಳುವಿನ ಮನೆಗೆ ಹೋಗಿದ್ದಾಳೆ, ಅದಕ್ಕೇ ಹೀಗಾಯಿತು ಎಂದು ತವರಿಗೆ ಕಳಿಸಿಬಿಟ್ಟಿದ್ದರು.

"ಅಮ್ಮ, ತಪ್ಪು ಅವಳದಲ್ಲ. ಆ ತಟ್ಟೆಗಳಿಂದ ಬಂದ ರೋಗ" ಎಂದೆ.

"ನನ್ ಮಗಳ ಮನೆ ತಟ್ಟೆ ಗಲೀಜು ಅಂತೀಯಾ?"

"ಗಲೀಜಲ್ಲ, ರೋಗ..."

"ನೋಡವ್ವ," ಆಕೆ ಜಗಲಿಯಿಂದ ಎದ್ದಳು. "ಊರ್ನೋರ್ ಮುಂದೆ ಯಾರು ಅಂತ ಕೇಳ್ದೋಳು ನೀನು. ಅವಳ ಹೆಸ್ರು ಬರ್ಕೊಂಡು ಹೋದೋಳು ನೀನು. ಗವರ್ಮೆಂಟ್ ಕಾಗ್ದದಾಗೇ ಐತೆ. ಈಗ ಬಂದು ನನ್ ಮಗಳ ತಲೆಗೆ ಕಟ್ತೀಯಾ? ಹೋಗು, ಬಿಸ್ಲು ಏರ್ತದೆ."

ಮಗ ಹಿತ್ತಲಿನಲ್ಲಿ ಸೌದೆ ಸೀಳುತ್ತಿದ್ದ. ಕೊಡಲಿಯ ಶಬ್ದ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

ಆ ಭಾನುವಾರ ಒಬ್ಬಳೇ ಮಾಗಡಿಯ ಬಸ್ಸು ಹತ್ತಿದೆ. ಅವಳ ಅಣ್ಣನ ಮನೆಯಲ್ಲೂ ಹುಳು ಮೇಯಿಸುತ್ತಿದ್ದರು. ಅವಳು ಹೊರಗೆ, ದನದ ಕೊಟ್ಟಿಗೆಯ ಪಕ್ಕ ಕೂತು ಸೊಪ್ಪು ಕತ್ತರಿಸುತ್ತಿದ್ದಳು. ಕುಕ್ಕೆ ತುಂಬಿದಾಗ ಅತ್ತಿಗೆ ಬಂದು ಎತ್ತಿಕೊಂಡು ಒಳಗೆ ಹೋಗುವಳು. ಇವಳಿಗೆ ಹೊಸಿಲು ದಾಟುವಂತಿರಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಆ ಊರಿಗೆ ಬಂದಿತ್ತು.

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆ ಕೆಲಸಕ್ಕೆ ಸೇರಿದ ಮೇಲೆ ಹಾಗೆ ಕೂತದ್ದು ಅದೇ ಮೊದಲು. ಅವಳೇ ಮಾತು ತೆಗೆದಳು.

"ತಟ್ಟೆ ತೊಳ್ದಿರ್ಲಿಲ್ಲ ಅಕ್ಕ. ತೊಳ್ಯಣ ಅತ್ಯಮ್ಮ ಅಂದೆ. ನನ್ ಮಗಳ ಮನೇದನ್ನ ತೊಳ್ದು ಬಳಸ್ಬೇಕಾ ಅಂದ್ರು. ನೀವು ಮೊದ್ಲು ಬಂದಾಗ ಹೇಳಣ ಅಂತಿದ್ದೆ. ಅತ್ಯಮ್ಮನ್ನೇ ಕೇಳಿದ್ರಿ, ನನ್ನ ಕೇಳ್ಲಿಲ್ಲ."

"ಎರಡನೇ ಸಲ ಬಂದಾಗ?"

"ಅವತ್ತು ಯಾರು ಅಂದ್ರಿ. ಏನಾಯ್ತು ಅಂದಿದ್ರೆ ಹೇಳ್ಬುಡ್ತಿದ್ದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಈ ವಯಸ್ಸಿನಲ್ಲಿ ನನಗೆ ಒಸಿ ಹಗುರವಾಗುತ್ತಿತ್ತೇನೋ.

"ಈಗ ನಾನು ಏನು ಮಾಡಲಿ, ಹೇಳಮ್ಮ" ಎಂದೆ.

ಕೈ ನಿಲ್ಲಿಸಿ ಯೋಚಿಸಿದಳು. "ಆ ಕಾಗ್ದ ವಾಪಸ್ ತರ್ಬೋದಾ? ನನ್ ಹೆಸ್ರು ಹೊಡ್ದಾಕಿ ಅತ್ಯಮ್ಮಂಗೆ ತೋರ್ಸುದ್ರೆ, ನಮ್ ಯಜಮಾನ್ರು ಬಂದು ಕರ್ಕೊಂಡೋಯ್ತಾರೆ. ಅವ್ರು ಕೆಟ್ಟೋರಲ್ಲ ಅಕ್ಕ. ತರ್ಬೋದಾ, ಆಗಕಿಲ್ವಾ?"

ಕಾಗದ ಸೀಲು ಬಿದ್ದು ಮೇಲಿನ ಆಫೀಸಿಗೆ ಹೋಗಿಯಾಗಿತ್ತು. ನಾನು ಆಗಲೇ ವಿಚಾರಿಸಿದ್ದೆ, ಬರುವುದಿಲ್ಲ ಎಂದಿದ್ದರು. ಅವಳು ಎಷ್ಟು ಶಾರ್ಟ್ ಆಗಿ, ಎಷ್ಟು ಕ್ಲಿಯರ್ ಆಗಿ ಕೇಳಿದ್ದಳು. ಹೌದು ಅಥವಾ ಇಲ್ಲ, ಒಂದು ಮಾತು ಸಾಕಿತ್ತು.

"ನೋಡೋಣ" ಎಂದೆ.

ಅವಳಿಗೆ ಅರ್ಥವಾಯಿತು. "ಊಟ ಮಾಡ್ಕೊಂಡು ಹೋಗಿ ಅಕ್ಕ" ಎಂದು ಹೇಳಿ, ಇನ್ನೊಂದು ಹಿಡಿ ಸೊಪ್ಪನ್ನು ಮುಂದಕ್ಕೆ ಎಳೆದುಕೊಂಡಳು.