ಬಸ್ ಸ್ಟ್ಯಾಂಡಿನಲ್ಲಿ ತೆಗೆದ ಜೋಡಿ ಫೋಟೋ

ಜೋಡಿ ಫೋಟೋಕ್ಕೆ ಸ್ಟುಡಿಯೋ ಪರದೆ ಬೇಡ ಅಂತ ಅಜ್ಜಿ, ಕ್ಯಾಮೆರಾ ಹಿಡಿದ ನನ್ನನ್ನೂ ಅಜ್ಜನನ್ನೂ ರಾಂಪುರದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದಳು.

"ಇಲ್ಲಿ ಎಂಥ ಜೋಡಿ ಫೋಟೋ ಅಜ್ಜಿ?" ಅಂದೆ.

"ಲಗ್ನ ಆದ ವರ್ಷ ಜಗಳ ಮಾಡ್ಕಂಡು ಅವ್ವನ ಮನೆಗೆ ಹೊಂಟು ಇದೇ ಕಟ್ಟೆ ಮೇಲೆ ಕುಂತಿದ್ದೆ. ಇವರು ಬಂದು ವಾಪಸ್ ಕರ್ಕಂಡು ಹೋದ್ರು."

ಅಜ್ಜಿ ಕಟ್ಟೆಯ ಈ ತುದಿಗೆ ಕೂತಳು, ಅಜ್ಜ ಆ ತುದಿಗೆ ಕೂತಿದ್ದ. ನಾನು ಹತ್ತಿರ ಸರೀರಿ ಅಂದರೆ ನಾಚಿಕೊಂಡು ರಸ್ತೆ ನೋಡಿದ. ಅಷ್ಟರಲ್ಲಿ ಬಳ್ಳಾರಿ ಬಸ್ಸು ಬಂತು.

"ಬೇಗ ಹತ್ತಮ್ಮ" ಅಂದ ಕಂಡಕ್ಟರ್.

ಅಜ್ಜ ತಟ್ಟನೆ ಸರಿದು ಅಜ್ಜಿಯ ಕೈ ಹಿಡಿದುಕೊಂಡ. "ನೀ ಹೋಗಪ್ಪ, ಇವಳು ಬರಲ್ಲ."

ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಬಸ್ಸೂ ಹೋಯಿತು, ಅಜ್ಜನೂ ತನ್ನ ತುದಿಗೆ ಸರಿದ; ಫೋಟೋದಲ್ಲಿ ಇಬ್ಬರೂ ಕಟ್ಟೆಯ ಎರಡು ತುದಿಗೇ ಉಳಿದರು. ಗೋಡೆ ಮೇಲಿನ ಆ ಫೋಟೋ ನೋಡಿದವರು ಇವರ ಜಗಳ ಇನ್ನೂ ಮುಗಿದಿಲ್ಲ ಅಂದುಕೊಳ್ಳಬೇಕು.